ಕಾಲ ಕೆಳಗಿನ ಹೆಸರು

ಮೃತರ ಹೆಸರನ್ನು ಎತ್ತರದಲ್ಲಿ ಬರೆಸುವುದು ಲೋಕರೂಢಿ. ಪೂಜ್ಯವಾದುದಕ್ಕೆ ಕಾಲು ತಾಗಬಾರದೆಂಬುದು ನಮ್ಮೆಲ್ಲರ ಸಂಸ್ಕಾರ. ಹೀಗಿರುವಾಗ, ಅನ್ಯಾಯವಾಗಿ ಹತರಾದವರ ಹೆಸರನ್ನು ಜನ ನಡೆದಾಡುವ ಹಾದಿಯಲ್ಲಿಯೇ ಹುದುಗಿಸಿದರೆ ಅದು ಗೌರವವೋ, ಅವಮಾನವೋ? ಜರ್ಮನಿಯಲ್ಲಿ ಈ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಕೊಲೋನ್ ನಗರದ ಕಲಾವಿದ ಗುಂಟರ್ ಡೆಮ್ನಿಗ್ 1992ರಲ್ಲಿ ಆರಂಭಿಸಿದ ಈ ಸ್ಮಾರಕಗಳಿಗೆ ‘ಎಡವುವ ಕಲ್ಲು’ ಎಂಬ ಅರ್ಥದ ಜರ್ಮನ್ ಹೆಸರಿದೆ. ಸುಮಾರು 10 ಸೆಂಟಿಮೀಟರ್ ಚೌಕದ ಕಾಂಕ್ರೀಟ್ ತುಂಡು. ಅದರ ಮೇಲೆ ಹಿತ್ತಾಳೆಯ ತಗಡು. ನಾಜಿಗಳ ಕ್ರೌರ್ಯಕ್ಕೆ ಬಲಿಯಾದವರು ಸ್ವೇಚ್ಛೆಯಿಂದ ವಾಸಿಸಿದ್ದ ಕೊನೆಯ ಮನೆಯ ಮುಂದೆ ಅದನ್ನು ನೆಲಕ್ಕೆ ಸಮವಾಗಿ ಕೂರಿಸುತ್ತಾರೆ. ‘ಇಲ್ಲಿ ವಾಸವಾಗಿದ್ದರು’ ಎಂಬ ಮಾತು, ಹೆಸರು, ಜನ್ಮವರ್ಷ, ಬಂದ ಗತಿ: ಇಷ್ಟೇ ಬರಹ. ಹೆಚ್ಚಿನವರು ಯೆಹೂದ್ಯರು, ರೋಮಾ ಜನರೂ ಅಂಗವಿಕಲರೂ ಇದ್ದಾರೆ. ಕಲ್ಲಿಗೆ ಹಣ ಕೊಟ್ಟವರ ಹೆಸರನ್ನು ಅದರ ಮೇಲೆ ಕೆತ್ತುವುದಿಲ್ಲ. 2023ರಲ್ಲಿ ಇಂತಹ 1,00,000ನೆಯ ಕಲ್ಲನ್ನು ನ್ಯೂರೆಂಬರ್ಗ್‌ನಲ್ಲಿ ಇಡಲಾಯಿತು.

ಆದರೆ ಮ್ಯೂನಿಕ್ ನಗರಸಭೆ 2004ರಲ್ಲಿ ಸಾರ್ವಜನಿಕ ಸ್ಥಳದಲ್ಲಿ ಇವಕ್ಕೆ ಅನುಮತಿ ನಿರಾಕರಿಸಿತು. ಅಲ್ಲಿಯ ಯೆಹೂದಿ ಸಮಾಜದ ಅಧ್ಯಕ್ಷೆ ಷಾರ್ಲಟ್ ಕ್ನೋಬ್ಲೋಖ್ ಬಾಲ್ಯದಲ್ಲಿ ಅಡಗಿದ್ದು ಬದುಕುಳಿದವರು. ಅಂದು ತುಳಿಯಲ್ಪಟ್ಟವರ ಹೆಸರನ್ನು ಇಂದು ಮತ್ತೆ ತುಳಿಯಗೊಡಬಾರದೆಂಬುದು ಅವರ ಆಕ್ಷೇಪ. ಆ ನಗರ 2018ರಿಂದ ಗೋಡೆಗಳಲ್ಲಿಯೂ ಕಂಬಗಳಲ್ಲಿಯೂ ಕಣ್ಣಿನ ಮಟ್ಟಕ್ಕೆ ಹೆಸರುಗಳನ್ನು ಇಡುತ್ತಿದೆ.

ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆ. ಸುಮಾರು 60 ಲಕ್ಷ ಯೆಹೂದ್ಯರ ಹತ್ಯೆಯಾಯಿತೆಂದರೆ ಮನಸ್ಸು ಅದನ್ನು ಲೆಕ್ಕವಾಗಿ ಗ್ರಹಿಸುತ್ತದೆ, ದುಃಖವಾಗಿ ಅಲ್ಲ. ಒಂದು ಬಾಗಿಲು, ಒಂದು ಹೆಸರು ಎದುರಾದಾಗ ಮಾತ್ರ, ಈ ಮನೆಯಿಂದ ಇವರನ್ನು ಕರೆದೊಯ್ಯುವಾಗ ನೆರೆಯವರು ಏನು ಮಾಡುತ್ತಿದ್ದರೆಂಬ ಪ್ರಶ್ನೆ ಏಳುತ್ತದೆ. ಆ ಅಕ್ಷರಗಳನ್ನು ಓದಬೇಕಾದರೆ ತಲೆ ಬಾಗಿಸಲೇಬೇಕು. ಹಿತ್ತಾಳೆ ಕಪ್ಪಾಗುತ್ತದೆ, ಯೆಹೂದ್ಯರ ಮೇಲೆ 1938ರಲ್ಲಿ ನಡೆದ ದಾಳಿಯ ನೆನಪಿಗೆ ನವೆಂಬರ್ 9ರಂದು ಅನೇಕ ಊರುಗಳ ನಿವಾಸಿಗಳು ಮಂಡಿಯೂರಿ ಅದನ್ನು ಉಜ್ಜಿ ಬೆಳಗುತ್ತಾರೆ. ಅರಿಯದೆ ತುಳಿದ ಹೆಜ್ಜೆಗಿಂತ, ಅರಿತೂ ಮುಖ ತಿರುಗಿಸುವುದು ಹೆಚ್ಚಿನ ಅವಮಾನವೆಂದು ನನ್ನ ಮತ.

ಆದರೂ ನನ್ನ ಮತವೇ ಅಂತಿಮವಲ್ಲ. ಗೌರವಿಸುವವನು ತನಗೆ ಗೌರವವೆಂದು ತೋರಿದ್ದನ್ನು ನೊಂದವರ ಮೇಲೆ ಹೇರಿದರೆ ಅದೂ ಸೂಕ್ಷ್ಮ ಹಿಂಸೆಯೇ. ಕಲ್ಲಿಡುವ ಮೊದಲು ಸಾಧ್ಯವಾದೆಡೆ ಬಂಧುಗಳನ್ನು ಹುಡುಕಿ ಒಪ್ಪಿಗೆ ಪಡೆಯುವ ಪರಿಪಾಠ ಇರುವುದು ಆದ್ದರಿಂದಲೇ ಉಚಿತ. ಸ್ಮಾರಕ ಕಟ್ಟಲು ಹೊರಟ ಯಾರೇ ಆಗಲಿ, ಕಲ್ಲನ್ನು ಆರಿಸುವ ಮೊದಲು ಈ ಒಂದು ಮಾತು ಕೇಳುವುದು ಕರ್ತವ್ಯ.