ಕತ್ತಲೆ ಯಾರದು?

ಬೆಳಗಾವಿಯ ದೀಪಗಳ ನಡುವಿನಿಂದ ಹೊರಟು, ಅಮಾವಾಸ್ಯೆಯ ಆಸುಪಾಸಿನಲ್ಲಿ ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಡೆ ಹೋದ ಪೇಟೆಯವರು, ಬಸ್ಸಿನಿಂದ ಇಳಿದೊಡನೆ "ಇಲ್ಲೇನೂ ಇಲ್ಲವಲ್ಲ, ಬರೀ ಕತ್ತಲೆ!" ಎನ್ನುವುದುಂಟು. ಅದೇ ಹೊತ್ತಿಗೆ ಊರಿನ ಮುದುಕರೊಬ್ಬರು ದೀಪವಿಲ್ಲದೆ ಅದೇ ಹಾದಿಯಲ್ಲಿ ನಿರಾಯಾಸವಾಗಿ ನಡೆದು ಬರುತ್ತಾರೆ. ಹಾಗಾದರೆ ಕತ್ತಲೆ ಇರುವುದು ಹಾದಿಯಲ್ಲೋ, ನೋಡುವವನಲ್ಲೋ?

ವಿಜ್ಞಾನದ ಉತ್ತರ ಸೋಜಿಗದ್ದು. ಕಣ್ಣಿನ ಹಿಂಬದಿಯ ಪರದೆಯಲ್ಲಿ ಸುಮಾರು 12 ಕೋಟಿ ದಂಡಕೋಶಗಳಿವೆ. ಮಂದ ಬೆಳಕಿನ ನೋಟವೆಲ್ಲ ಅವುಗಳದು. ಅವುಗಳಲ್ಲಿ ರೊಡಾಪ್ಸಿನ್ ಎಂಬ ನೇರಳೆಗೆಂಪು ಬಣ್ಣ. ಅದರೊಳಗೆ 'ಎ' ಜೀವಸತ್ವದಿಂದಾದ ಒಂದು ಬಾಗಿದ ಅಣು. ಬೆಳಕು ತಾಗಿದೊಡನೆ ಅದು ನೆಟ್ಟಗಾಗುತ್ತದೆ. ನೋಟದಲ್ಲಿ ಬೆಳಕು ಮಾಡುವ ಕೆಲಸ ಇಷ್ಟೇ. ಮುಂದಿನದೆಲ್ಲ ರಸಾಯನದ್ದು, ನರಗಳದ್ದು. ಇದನ್ನು ಬಿಡಿಸಿ ತೋರಿಸಿದ ಜಾರ್ಜ್ ವಾಲ್ಡ್ 1967ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಕೆಲಸ ಮಾಡಿದ ಬಣ್ಣ ಬಿಳಿಚಿಹೋಗುತ್ತದೆ. ಕಪ್ಪೆಯ ಕಣ್ಣಿನಲ್ಲಿ ಇದನ್ನು ಫ್ರಾಂಜ್ ಬೋಲ್ 1876ರಲ್ಲೇ ಕಂಡಿದ್ದ. ಅದು ಮತ್ತೆ ತುಂಬಿಬರಲು ಕತ್ತಲೆಯಲ್ಲಿ ಅರ್ಧ ಗಂಟೆಗೂ ಮಿಕ್ಕಿ ಬೇಕು.

ಅಂದಮೇಲೆ "ಇಲ್ಲೇನೂ ಇಲ್ಲ" ಎಂಬುದು ಊರಿನ ವರ್ಣನೆಯಲ್ಲ, ಹೇಳಿದವನ ಕಣ್ಣಿನ ವರದಿ. ಅವನು ಒಡನೆಯೇ ಬ್ಯಾಟರಿ ಹಾಕುತ್ತಾನೆ. ತನ್ನ ದಾರಿಗೆ ಬೆಳಕು ಮಾಡಿಕೊಳ್ಳುವುದು ತಪ್ಪೆನ್ನಲಾದೀತೆ? ಆದರೆ ಎದುರಿಗೆ ಬಂದ ಮುದುಕರು ಅರ್ಧ ಗಂಟೆಯಲ್ಲಿ ಗಳಿಸಿದ ನೋಟ ಒಂದೇ ಕ್ಷಣದಲ್ಲಿ ಕರಗಿಹೋಯಿತು. ನಾವು ತಂದ ಬೆಳಕೆಂದು ಹಿಗ್ಗುವ ಮುಂಚೆ ಅಲ್ಲಿ ಯಾರಿಗೆ ಆಗಲೇ ಕಾಣುತ್ತಿತ್ತು ಎಂದು ಕೇಳಿಕೊಳ್ಳುವ ಸೌಜನ್ಯ ನಮ್ಮಲ್ಲಿ ಕಡಿಮೆ. ಸುಧಾರಣೆಯ ಹುಮ್ಮಸ್ಸಿಗೂ ಈ ಮಾತು ಸಲ್ಲುತ್ತದೆ.

ಹಾಗೆಂದು "ತಾಳಿದರೆ ಕಂಡೀತು" ಎಂದು ಎಲ್ಲರಿಗೂ ಉಪದೇಶಿಸುವಂತಿಲ್ಲ. ಮೈಯಲ್ಲಿ 'ಎ' ಜೀವಸತ್ವ ಬತ್ತಿದ ಮಗು ಎಷ್ಟು ಹೊತ್ತು ಕಾದರೂ ಬಣ್ಣ ತುಂಬಿಬಾರದು, ಇದೇ ಇರುಳುಗುರುಡು. ಅದೂ "ಏನೂ ಕಾಣಿಸದು" ಎಂದೇ ಹೇಳುತ್ತದೆ. ಮಾತು ಒಂದೇ, ಒಬ್ಬನದು ಅವಸರ, ಇನ್ನೊಬ್ಬರದು ತಟ್ಟೆಯ ಬಡತನ. ನುಗ್ಗೆಸೊಪ್ಪು, ಪಪ್ಪಾಯಿ, ಹಾಲು ಸಿಕ್ಕಿದ್ದರೆ ಆಗದಿದ್ದ ಕುರುಡು ಅದು. ಮಕ್ಕಳಿಗೆ ಈ ಜೀವಸತ್ವ ಕುಡಿಸುವ ರಾಷ್ಟ್ರೀಯ ಯೋಜನೆ 1970ರಲ್ಲಿ ಆರಂಭವಾಯಿತು. ಅಷ್ಟಾದರೂ ಮುಸ್ಸಂಜೆ ಹೊಸ್ತಿಲು ಎಡವಿದ ಮಗುವಿಗೆ ಮೊದಲು ಸಿಗುವುದು "ಕಣ್ಣು ಎಲ್ಲಿಟ್ಟಿದ್ದೀಯೋ?" ಎಂಬ ಬೈಗುಳವೇ. ಮಧ್ಯಾಹ್ನ ಅಂಗಳದಲ್ಲಿ ಗೋಲಿಗೆ ಗುರಿಯಿಟ್ಟು ಹೊಡೆದ ಹುಡುಗನಿಗೆ ಸಂಜೆ ಕಣ್ಣು ಕಾಣುವುದಿಲ್ಲವೆಂದರೆ ನಂಬುವವರು ಯಾರು?