ಲಿಂಗವಂತೆಗೆ ರಜಸ್ಸೂತಕವುಂಟೆ?

ಪಂಚಸೂತಕಗಳ ನಿರಾಕರಣೆಯು ವೀರಶೈವ ಮನೆತನದ ಬಾಲಕರಿಗೂ ಬಾಯಿಪಾಠವಾಗಿರುವ ವಿಷಯ. ಜನನಸೂತಕ, ಜಾತಿಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಪ್ರೇತಸೂತಕವೆಂಬ ಐದೂ ಲಿಂಗಾಂಗಿಗೆ ಇಲ್ಲವೆಂಬುದು ಶರಣರ ನಿಶ್ಚಯ. ಇವುಗಳಲ್ಲಿ ಕೆಲವನ್ನು ಭಕ್ತಸಮೂಹವು ನಡೆಯಲ್ಲಿಯೂ ಬಿಟ್ಟಿದೆ. ಮನೆಯಲ್ಲಿ ಮರಣ ಸಂಭವಿಸಿದರೆ ಮೈಲಿಗೆಯೆಂದು ಲಿಂಗಪೂಜೆಯನ್ನು ನಿಲ್ಲಿಸುವುದಿಲ್ಲ, ಹುಟ್ಟಿದ ಕೂಸಿಗೆ ಲಿಂಗಧಾರಣೆ ಮಾಡಿಸಲು ಹಿಂಜರಿಯುವುದಿಲ್ಲ, ಪ್ರಸಾದವನ್ನು ಎಂಜಲೆನ್ನುವುದಿಲ್ಲ. ಜಾತಿಸೂತಕದ ಮಾತು ಬೇರೆ. ವೇದಿಕೆಯ ನುಡಿಗೂ ಹೆಣ್ಣು ಕೊಟ್ಟು ತರುವ ನಡೆಗೂ ಇರುವ ದೂರವನ್ನು ಬಲ್ಲವರೇ ಬಲ್ಲರು. ರಜಸ್ಸೂತಕದಲ್ಲಂತೂ ನುಡಿಯೇ ಅಡಗಿಹೋಗಿದೆ. ಪಂಚಸೂತಕಗಳಿಲ್ಲವೆಂದು ಸಭೆಯಲ್ಲಿ ಉಪದೇಶಿಸಿ ಮನೆಗೆ ಬಂದ ಹಿರಿಯರು, ಸೊಸೆಯು ಪಡಸಾಲೆಯ ಮೂಲೆಯಲ್ಲಿ ಬೇರೆ ತಟ್ಟೆ, ಬೇರೆ ಚಾಪೆಯೊಡನೆ ಕುಳಿತಿರುವುದನ್ನು ಕಂಡೂ ಕಾಣದಂತೆ ಒಳಗೆ ಹೋಗುತ್ತಾರೆ.

ಈ ಆಚಾರವು ಎಲ್ಲಿಂದ ಬಂದಿತೆಂಬುದನ್ನು ಮೊದಲು ವಿಚಾರಿಸತಕ್ಕದ್ದು. ತೈತ್ತಿರೀಯ ಸಂಹಿತೆಯಲ್ಲಿ ಒಂದು ಆಖ್ಯಾನವುಂಟು. ಇಂದ್ರನು ತ್ವಷ್ಟೃವಿನ ಮಗನಾದ ವಿಶ್ವರೂಪನನ್ನು ಕೊಂದು ಬ್ರಹ್ಮಹತ್ಯೆಗೆ ಗುರಿಯಾದನು. ಆ ಪಾಪವನ್ನು ಮೂರು ಪಾಲು ಮಾಡಿ ಭೂಮಿಗೆ ಒಂದನ್ನು, ಮರಗಳಿಗೆ ಒಂದನ್ನು, ಸ್ತ್ರೀಯರಿಗೆ ಒಂದನ್ನು ಕೊಟ್ಟನು. ಪ್ರತಿಯಾಗಿ ಮೂವರಿಗೂ ಒಂದೊಂದು ವರವನ್ನಿತ್ತನು. ಸ್ತ್ರೀಯರಲ್ಲಿ ಆ ಪಾಪವೇ ರಜಸ್ಸಾಯಿತೆಂದು ಕಥೆ. ಅಲ್ಲಿಂದ ಮುಂದೆ ಮುಟ್ಟಾದವಳೊಡನೆ ಮಾತಾಡಬಾರದು, ಅವಳ ಅನ್ನವನ್ನು ಉಣ್ಣಬಾರದು ಎಂಬ ನಿಷೇಧಗಳು ಹೊರಟು, ಧರ್ಮಶಾಸ್ತ್ರಗಳಲ್ಲಿ ಮೂರು ದಿನಗಳ ಅಸ್ಪೃಶ್ಯತೆಯಾಗಿ ನೆಲೆನಿಂತವು. ಕಥೆಯನ್ನು ಇದ್ದಂತೆಯೇ ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಪಾಪ ಮಾಡಿದವನು ಇಂದ್ರ, ಹೊತ್ತವರು ಮೂವರು. ಭೂಮಿಯ ಮೇಲೆ ಕಾಲಿಡುವುದನ್ನು ಯಾರೂ ಬಿಟ್ಟಿಲ್ಲ. ಮರದ ತೊಲೆಯ ಕೆಳಗೆ ಮಲಗುವುದನ್ನೂ ಬಿಟ್ಟಿಲ್ಲ. ಮೂವರಲ್ಲಿ ಬಾಯುಳ್ಳವಳೊಬ್ಬಳನ್ನು ಮಾತ್ರ ಹೊರಗೆ ಕೂರಿಸಿರುವುದು ಯಾವ ನ್ಯಾಯ? ಇಂದ್ರನಿಗೆ ಹವಿಸ್ಸು ತಪ್ಪಲಿಲ್ಲವಷ್ಟೆ!

ಲೋಕಭಾಷೆಯೂ ವಿಚಿತ್ರವಾದುದು. ಮುಟ್ಟಬಾರದವಳಿಗೆ ಮುಟ್ಟಾದವಳೆಂದೇ ಹೆಸರು. ಇನ್ನೊಂದು ಹಳೆಯ ಶಬ್ದ ‘ಹೊಲೆ’. ಈ ಒಂದೇ ಶಬ್ದವು ಹೆಣ್ಣಿನ ಋತುವನ್ನೂ ಸೂಚಿಸಿತು, ಊರ ಹೊರಗೆ ಇಡಲ್ಪಟ್ಟ ಮನುಷ್ಯನ ಹೆಸರಿಗೂ ಅಂಟಿಕೊಂಡಿತು. ಈ ನಂಟನ್ನು ಬಸವಣ್ಣನವರು ಬಹು ತೀಕ್ಷ್ಣವಾಗಿ ಕಂಡವರು. ಹೆಣ್ಣಿನ ಋತುವಿಲ್ಲದೆ ಪಿಂಡಕ್ಕೆ ನೆಲೆಯೇ ಇಲ್ಲ. ಬ್ರಾಹ್ಮಣನ ಪಿಂಡವೂ ಅಂತ್ಯಜನ ಪಿಂಡವೂ ಅದೇ ಆಶ್ರಯದಲ್ಲಿ ಬೆಳೆದವು. ಹಾಗಿರುವಲ್ಲಿ ಕುಲಜನೆಂಬುದಕ್ಕೆ ಗುರುತಾವುದು ಎಂಬುದು ಅವರ ವಚನವೊಂದರ ಭಾವ. ಕುಲದ ಗರ್ವವನ್ನು ಮುರಿಯುವುದಕ್ಕೆ ಅವರು ಹಿಡಿದ ಸಾಧನವೇ ರಜಸ್ಸು. ಆದುದರಿಂದ ಜಾತಿಸೂತಕವನ್ನು ಬಿಟ್ಟೆನೆನ್ನುವವನು ರಜಸ್ಸೂತಕವನ್ನು ಹಿಡಿದುಕೊಂಡಿದ್ದರೆ, ಅವನು ಮರದ ಕೊಂಬೆಯನ್ನು ಕಡಿದು ಬೇರಿಗೆ ನೀರೆರೆಯುತ್ತಿದ್ದಾನೆಂದೇ ತಿಳಿಯಬೇಕು.

ಸಂಸ್ಕೃತಪ್ರಮಾಣವನ್ನೇ ಬೇಡುವವರಿಗೆ ಶಿವಯೋಗಿ ಶಿವಾಚಾರ್ಯರ ಸಿದ್ಧಾಂತಶಿಖಾಮಣಿಯಿದೆ. ರೇಣುಕರು ಅಗಸ್ತ್ಯರಿಗೆ ಉಪದೇಶಿಸಿದಂತೆ ರಚಿತವಾಗಿರುವ ಆ ಗ್ರಂಥವು, ಲಿಂಗಾರ್ಚನೆಯಲ್ಲಿ ನಿರತಳಾದ ನಾರಿಯು ರಜಸ್ವಲೆಯಾಗಿದ್ದರೂ ಸೂರ್ಯನಂತೆ, ಅಗ್ನಿಯಂತೆ, ವಾಯುವಿನಂತೆ ಶುಚಿಯೆಂದು ಸಾರುತ್ತದೆ. ದೃಷ್ಟಾಂತಗಳನ್ನು ಗಮನಿಸಬೇಕು. ಸೂರ್ಯಕಿರಣವು ಕೆಸರನ್ನು ಮುಟ್ಟಿ ಕೆಸರಾಗುವುದಿಲ್ಲ. ಅಗ್ನಿಯು ಮುಟ್ಟಿದುದನ್ನೆಲ್ಲ ತನ್ನಂತೆ ಮಾಡುತ್ತದೆ. ಲಿಂಗದ ಸ್ಪರ್ಶದಿಂದ ಅಂಗವು ಶುದ್ಧವಾಗುವುದೆಂಬುದು ಸಿದ್ಧಾಂತವಾದರೆ, ಅಂಗದ ಸ್ಪರ್ಶದಿಂದ ಲಿಂಗವು ಕೆಡುವುದೆಂಬ ಭಯವು ಸಿದ್ಧಾಂತವನ್ನೇ ಬುಡಮೇಲು ಮಾಡುವ ಮಾತು.

ಇಲ್ಲಿಯೇ ಅತ್ಯಂತ ಗಂಭೀರವಾದ ವಿಷಯವೊಂದಿದೆ. ಎಷ್ಟೋ ಮನೆಗಳಲ್ಲಿ ಮೈನೆರೆದ ಹುಡುಗಿಗೆ ಮೊದಲ ದಿನವೇ, “ಕೊರಳಾಗಿನ ಕರಡಿಗಿ ತಗದು ಮಾಡದಾಗ ಇಡವ್ವಾ, ನಾಲ್ಕ ದಿನಾ ಮುಟ್ಟಬ್ಯಾಡ” ಎಂದು ಅಜ್ಜಿಯು ಹೇಳುವುದುಂಟು. ಅಜ್ಜಿಯ ಮಾತಿನಲ್ಲಿ ದ್ವೇಷವಿಲ್ಲ. ಅವಳ ಅತ್ತೆಯೂ ಅವಳಿಗೆ ಅದನ್ನೇ ಹೇಳಿದ್ದಳು. ಆದರೆ ಆ ಮಾತಿನ ತೂಕವನ್ನು ಅಳೆಯಬೇಕು. ದೀಕ್ಷಾಕಾಲದಲ್ಲಿ ಗುರುವು ಇಷ್ಟಲಿಂಗವನ್ನು ಕರಸ್ಥಲಕ್ಕಿತ್ತು, ಇದು ನಿನ್ನ ಪ್ರಾಣ, ಇದನ್ನು ಅಗಲಿ ಒಂದು ಕ್ಷಣವೂ ಇರಬೇಡವೆಂದು ಆಜ್ಞಾಪಿಸುತ್ತಾನೆ. ಲಿಂಗವಿಯೋಗವು ಭಕ್ತನಿಗೆ ಮರಣಸಮಾನವೆಂದು ಆಚಾರವು ಸಾರುತ್ತದೆ. ಆ ಹುಡುಗಿಯು ಗುರುವಾಕ್ಯವನ್ನು ಪಾಲಿಸಿದರೆ ಅಜ್ಜಿಗೆ ಅವಿಧೇಯಳು. ಅಜ್ಜಿಯನ್ನು ಪಾಲಿಸಿದರೆ ತಿಂಗಳಿಗೆ ನಾಲ್ಕು ದಿನ ವ್ರತಭ್ರಷ್ಟೆ. ಹನ್ನೆರಡು ಹದಿಮೂರು ವರ್ಷದ ಮಗುವನ್ನು ಇಂತಹ ಇಕ್ಕಟ್ಟಿಗೆ ಸಿಲುಕಿಸುವುದು ಧರ್ಮವಾದೀತೆ? ಗಂಡುಮಕ್ಕಳ ಲಿಂಗಧಾರಣೆ ಅಖಂಡ, ಹೆಣ್ಣುಮಕ್ಕಳದು ಖಂಡಿತ ಎಂದು ಯಾವ ಗುರುವೂ ಎರಡು ಬಗೆಯ ದೀಕ್ಷೆಯನ್ನು ಕೊಟ್ಟಿಲ್ಲ. ಶರಣ ಸತಿ, ಲಿಂಗ ಪತಿ ಎಂಬ ಭಾವದಲ್ಲಿ ಗಂಡಸೂ ಸತಿಯೇ ಆಗಿರುವಾಗ, ಹೆಣ್ಣುತನವೇ ಅನರ್ಹತೆಯಾಗುವುದು ಹೇಗೆ?

ಹನ್ನೆರಡನೆಯ ಶತಮಾನದ ಶರಣೆಯರ ಬಾಳನ್ನಾದರೂ ನೆನೆಯಬಹುದು. ಮೂವತ್ತಕ್ಕೂ ಹೆಚ್ಚು ಮಂದಿ ಶರಣೆಯರ ವಚನಗಳು ಉಳಿದಿವೆ. ಆಯ್ದಕ್ಕಿ ಲಕ್ಕಮ್ಮನು ಪತಿಯು ಆಯ್ದು ತಂದ ಅಕ್ಕಿಯಿಂದ ದಾಸೋಹವನ್ನು ನಡೆಸಿದಳು. ಅಗತ್ಯಕ್ಕಿಂತ ಹೆಚ್ಚು ತಂದಾಗ ಅದನ್ನು ಹಿಂದಿರುಗಿಸಹೇಳಿದ ನಿಷ್ಠುರೆ ಅವಳು. ಅಂದಿನ ಅಕ್ಕಿ ಅಂದಿಗೇ ಎಂಬ ಆ ಮನೆಯಲ್ಲಿ ತಿಂಗಳಿಗೆ ಮೂರು ದಿನ ಒಲೆ ಆರಿದ್ದರೆ ಜಂಗಮವು ಹಸಿದು ಹೋಗಬೇಕಾಗಿತ್ತು. ಅಕ್ಕಮಹಾದೇವಿಯು ಉಡುತಡಿಯನ್ನು ಬಿಟ್ಟು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಒಬ್ಬಳೇ ನಡೆದಳು. ಆ ದೂರದ ದಾರಿಯಲ್ಲಿ ಹೆಣ್ಣಿನ ದೇಹಕ್ಕೆ ಸಹಜವಾದ ದಿನಗಳು ಬಾರದೆ ಇದ್ದಾವೆಯೆ? ಕರಸ್ಥಲದ ಲಿಂಗವನ್ನು ಅವಳು ಯಾವ ಮಾಡದಲ್ಲಿಟ್ಟು ಮುಂದೆ ಹೋದಾಳು?

ದೇಹಧರ್ಮವನ್ನು ವೈದ್ಯಶಾಸ್ತ್ರವು ಇಂದು ಸ್ಪಷ್ಟಪಡಿಸಿದೆ. ಗರ್ಭಾಶಯದ ಒಳಪದರವು ಶಿಶುವಿನ ಆಗಮನಕ್ಕಾಗಿ ಸಜ್ಜಾಗುತ್ತದೆ. ಗರ್ಭ ನಿಲ್ಲದಿದ್ದರೆ ಆ ಪದರವೇ ಕಳಚಿ ರಕ್ತದೊಡನೆ ಹೊರಬೀಳುತ್ತದೆ. ಪ್ರಾಯದ ಸ್ತ್ರೀಯರಲ್ಲಿ ಇದು ಸಾಮಾನ್ಯವಾಗಿ 21ರಿಂದ 35 ದಿನಗಳಿಗೊಮ್ಮೆ ನಡೆಯುವುದು. ಹೋಗುವ ರಕ್ತವು ಬಹುಮಟ್ಟಿಗೆ 30–40 ಮಿಲಿಲೀಟರು. 80ನ್ನು ಮೀರಿದರೆ ವೈದ್ಯರು ಅದನ್ನು ಅತಿಸ್ರಾವವೆನ್ನುತ್ತಾರೆ. ಇದರಲ್ಲಿ ವಿಷವೂ ಇಲ್ಲ, ಪಾಪವೂ ಇಲ್ಲ. ಮುಟ್ಟಾದವಳು ಮುಟ್ಟಿದರೆ ಉಪ್ಪಿನಕಾಯಿ ಕೆಡುವುದೆಂಬ ಮಾತು ಅಡುಗೆಮನೆಯ ಪುರಾಣ. ಉಪ್ಪು ಸಾಲದಿದ್ದರೆ, ಒದ್ದೆ ಕೈ ತಗುಲಿದರೆ ಅದು ಗಂಡಸಿನ ಕೈಯಲ್ಲಿಯೂ ಕೆಡುತ್ತದೆ.

ಆ ದಿನಗಳಲ್ಲಿ ಹೆಣ್ಣಿಗೆ ವಿಶ್ರಾಂತಿ ಸಿಗಲೆಂದೇ ಹಿರಿಯರು ಹೀಗೆ ಮಾಡಿದರೆಂದು ಕೆಲವು ಪಂಡಿತರು ಸಮಾಧಾನ ಹೇಳುವುದುಂಟು. ವಿಶ್ರಾಂತಿ ಬೇರೆ, ಬಹಿಷ್ಕಾರ ಬೇರೆ. ಅಡುಗೆಗೆ ಬಾರದವಳನ್ನು ಹೊಲದ ಕಳೆಗೆ ಕಳುಹಿಸುವುದನ್ನು ವಿಶ್ರಾಂತಿಯೆನ್ನಲಾಗದು. ದಣಿದವಳಿಗೆ ಹಾಸಿಗೆ ಬೇಕು, ಬಿಸಿನೀರು ಬೇಕು, ಬೆಲ್ಲ ಸೊಪ್ಪು ಕಾಳುಗಳ ಊಟ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಅಂತಹವರಿಗೆ ತಣ್ಣನೆಯ ನೆಲ, ಉಳಿದ ಅನ್ನ ಯಾವ ಆರೈಕೆ? 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಮಂತ್ರಿಮಂಡಲವು ದುಡಿಯುವ ಸ್ತ್ರೀಯರಿಗೆ ವರ್ಷಕ್ಕೆ 12 ದಿನ ಸಂಬಳಸಹಿತ ಋತುಚಕ್ರದ ರಜೆಗೆ ಒಪ್ಪಿಗೆಯಿತ್ತಿತು. ಅದು ವಿಶ್ರಾಂತಿ, ಅಲ್ಲಿ ಯಾರನ್ನೂ ಅಶುಚಿಯೆಂದಿಲ್ಲ.

2023ರಲ್ಲಿ ತುಮಕೂರು ಜಿಲ್ಲೆಯ ಗೊಲ್ಲರಹಟ್ಟಿಯೊಂದರಲ್ಲಿ, ಸೂತಕವೆಂದು ಬಾಣಂತಿಯನ್ನು ಊರ ಹೊರಗಿನ ಗುಡಿಸಲಲ್ಲಿರಿಸಿ, ಮಳೆ ಚಳಿಯಲ್ಲಿ ಹಸುಗೂಸು ತೀರಿಕೊಂಡ ಸುದ್ದಿಯನ್ನು ಓದಿ ಹಲವರು ಮರುಗಿದರು. ಮರುಗಿದವರು ಆ ಜನರನ್ನು ಅಜ್ಞಾನಿಗಳೆಂದು ಹಳಿಯುವ ಮುನ್ನ ಸ್ವಂತ ಮನೆಯ ಮೂಲೆಯನ್ನು ನೋಡಿಕೊಳ್ಳಲಿ. ಅವರಿಗೆ ಪಂಚಸೂತಕ ನಿರಸನದ ದೀಕ್ಷೆಯನ್ನು ಯಾರೂ ಕೊಟ್ಟಿರಲಿಲ್ಲ.

ಮಠಗಳ ಹೊಣೆಯೂ ಇಲ್ಲಿ ಚಿಕ್ಕದಲ್ಲ. ಗದ್ದಿಗೆಯ ದರ್ಶನಕ್ಕೆ ಬಂದ ತಾಯಂದಿರು ಹೊಸ್ತಿಲ ಬಳಿ ಅಳುಕಿ ನಿಂತಾಗ, ಒಳಗೆ ಬನ್ನಿರೆಂದು ಕರೆಯುವ ಒಬ್ಬ ಜಂಗಮನ ಮಾತು ನೂರು ಪ್ರವಚನಗಳಿಗೆ ಸಮ. ಹೆಣ್ಣುಮಕ್ಕಳಿಗೆ ದೀಕ್ಷೆ ಕೊಡುವಾಗ, ತಾಯಿ ಅಜ್ಜಿಯರು ಎದುರಿಗಿರುವಂತೆಯೇ, ಋತುಕಾಲದಲ್ಲಿಯೂ ಲಿಂಗವನ್ನು ಕೊರಳಿಂದ ತೆಗೆಯಬಾರದೆಂದು ಗುರುವು ಬಾಯಿಬಿಟ್ಟು ಹೇಳಬೇಕು. ಸ್ನಾನ ಮಾಡಿ, ವಿಭೂತಿ ಧರಿಸಿ ಎಂದಿನಂತೆ ಪೂಜಿಸಲಿ. ಹೊಟ್ಟೆನೋವಿನಿಂದ ಕುಳಿತುಕೊಳ್ಳಲಾಗದಿದ್ದರೆ ಮಲಗಿದ್ದಲ್ಲಿಯೇ ಲಿಂಗವನ್ನು ಅಂಗೈಯಲ್ಲಿ ಹಿಡಿದು ಷಡಕ್ಷರವನ್ನು ನೆನೆಯಲಿ. ತೊಡುವ ಬಟ್ಟೆಯನ್ನು ಕತ್ತಲಕೋಣೆಯಲ್ಲಿ ಮರೆಮಾಡಿ ಆರಿಸುವುದು ರೋಗಕ್ಕೆ ದಾರಿ. ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸತಕ್ಕದ್ದು. ಇದನ್ನು ಸೊಸೆಗೆ ಹೇಳುವ ಕೆಲಸ ಅತ್ತೆಯದು. ಅತ್ತೆಗೆ ಹೇಳುವ ಧೈರ್ಯ ಮನೆಯ ಯಜಮಾನನಿಗೆ ಬರಬೇಕು.