ಬಾಣಂತಿಯ ಮನಸ್ಸು

ಪ್ರೀತಿಸುವುದು ಕರ್ತವ್ಯವಾಗಬಲ್ಲುದೆ? ತರಗತಿಯಲ್ಲಿ ಈ ಪ್ರಶ್ನೆಯೆದ್ದರೆ ಮುಕ್ಕಾಲು ಗಂಟೆ ಮಾತನಾಡಬಲ್ಲ ನಾನು, 14 ವರ್ಷಗಳ ಹಿಂದೆ ಅದೇ ಪ್ರಶ್ನೆ ಮನೆಯೊಳಕ್ಕೆ ಬಂದಾಗ ಅದರ ಗುರುತನ್ನೇ ಹಿಡಿಯಲಿಲ್ಲ.

ಆಗ ನಾನು ಶಿಕಾರಿಪುರದಲ್ಲಿ ಅಧ್ಯಾಪಕ. ಹೆಂಡತಿ ಚೊಚ್ಚಲ ಬಾಣಂತನಕ್ಕೆಂದು ಸೊರಬದಾಚೆಯ ಹಳ್ಳಿಯ ತವರಿನಲ್ಲಿದ್ದಳು. ಶನಿವಾರ ಮಧ್ಯಾಹ್ನ ಶಿರಾಳಕೊಪ್ಪದ ಮೇಲೆ ಬಸ್ಸು ಹಿಡಿದು ಹೋಗುತ್ತಿದ್ದೆ. ಉಪಚಾರಕ್ಕೆ ಕೊರತೆಯಿರಲಿಲ್ಲ. ಎಣ್ಣೆ-ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಕಿವಿಗೆ ಹತ್ತಿ—ಎಲ್ಲವೂ ಕ್ರಮದಂತೆ. ಐದನೆಯ ವಾರ ಅವಳು ಗೋಡೆಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದಳು: "ಈ ಮಗು ನಂದು ಅಂತ ಅನ್ನಿಸೋದೇ ಇಲ್ಲ." ಕನ್ನಡ ಎಂ.ಎ. ಆದ ನಾನು ಕೊಟ್ಟ ಉತ್ತರ: "ಹೆತ್ತ ತಾಯಿ ಆಡೋ ಮಾತೇ ಇದು?" ಅವಳು ಮತ್ತೆ ಮಾತನಾಡಲಿಲ್ಲ. ಮಗು ಅತ್ತರೆ ಎತ್ತಿಕೊಳ್ಳುತ್ತಿದ್ದಳು, ಹಾಲೂಡಿಸುತ್ತಿದ್ದಳು. ಮಗು ಮಲಗಿದರೂ ಅವಳಿಗೆ ನಿದ್ದೆಯಿಲ್ಲ.

ಅತ್ತೆಯವರು ಚಂದ್ರಗುತ್ತಿಯ ರೇಣುಕಾಂಬೆಗೆ ಹರಕೆ ಹೊತ್ತರು. ಇದರಲ್ಲಿ ನಗುವಂಥದೇನೂ ಇಲ್ಲ; ಮಗಳಿಗೆ ಏನೋ ಆಗಿದೆಯೆಂದು ಮೊದಲು ಕಂಡುಕೊಂಡವರು ಅವರೇ. ಆದರೆ ಹಿಂದಿರುಗುವ ಬಸ್ಸಿನಲ್ಲಿ ರೇಣುಕೆಯ ಕಥೆ ನನ್ನನ್ನು ಬಿಡಲಿಲ್ಲ. ಆಕೆಯ ತಪ್ಪಾದರೂ ಏನು? ಒಂದು ಗಳಿಗೆ ಮನಸ್ಸು ಚಲಿಸಿತು. ಅಷ್ಟಕ್ಕೇ ಗಂಡ ತೀರ್ಪು ಕೊಟ್ಟ, ಮಗ ಕೊಡಲಿ ಎತ್ತಿದ. ಮನಸ್ಸಿನಲ್ಲಿ ಮೂಡಿದ್ದಕ್ಕೆ ಶಿಕ್ಷೆ ವಿಧಿಸಿದ ಜಮದಗ್ನಿಯ ಪೀಠದಲ್ಲಿ ಈಗ ನಾನೂ ಕುಳಿತಿದ್ದೆ.

ದಾರಿ ತೋರಿಸಿದವಳು ಆಶಾ ಕಾರ್ಯಕರ್ತೆ. ಹೆರಿಗೆಯಾದ 42 ದಿನಗಳವರೆಗೆ ಮನೆಗೆ ಬಂದು ಮಗುವನ್ನು ನೋಡಿ ಹೋಗುವುದು ಅವರ ಕೆಲಸ. ತಕ್ಕಡಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತ, "ನಿಮಗೆ ನಿದ್ದೆ ಬರ್ತದಾ ಅಕ್ಕಾ?" ಎಂದಳಂತೆ. ಇವಳು ಗಳಗಳನೆ ಅತ್ತುಬಿಟ್ಟಳು. ಆವರೆಗೆ ಬಂದವರೆಲ್ಲ ಮಗುವನ್ನೇ ವಿಚಾರಿಸಿದ್ದರು.

ಶಿವಮೊಗ್ಗದ ವೈದ್ಯರು ತಿಳಿಯಹೇಳಿದರು: ಹೆರಿಗೆಯಾದ ಹೊಸದರಲ್ಲಿ ಅಳು ಬರುವುದು ಸಾಮಾನ್ಯ, ಎರಡು ವಾರ ಮೀರಿಯೂ ಹೋಗದಿದ್ದರೆ ಅದು ಕಾಯಿಲೆ. ನಮ್ಮವರು ಬಾಣಂತಿ ಸನ್ನಿಯೆನ್ನುವುದು ಬೇರೆ. ಅದಕ್ಕೆ ಒಂದು ದಿನವೂ ತಡಮಾಡಬಾರದು. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಬಂದ ಲೆಕ್ಕದಂತೆ ನಮ್ಮ ದೇಶದಲ್ಲಿ ಹೆತ್ತ ನೂರು ತಾಯಂದಿರಲ್ಲಿ ಸುಮಾರು 22 ಮಂದಿಗೆ ಈ ಖಿನ್ನತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗ 2009ರಿಂದ ಇದೆ. ಇಂಥ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. ಕಾಯಿದೆಗೆ ಇರುವ ಅಂತಃಕರಣ ಅಂದು ನನಗಿರಲಿಲ್ಲ.

"ಹಾಗಾದರೆ ತಾಯಿಗೆ ಹೊಣೆಯೇ ಇಲ್ಲವೆನ್ನುತ್ತೀರಾ?" ಎಂದು ಮಿತ್ರರೊಬ್ಬರು ಕೇಳಿದರು. ಇದೆ. ಆದರೆ ಅಂಕೆಯಲ್ಲಿರುವುದಕ್ಕೆ ಮಾತ್ರ ಹೊಣೆ. ಕೈ ನಮ್ಮ ಅಂಕೆಯಲ್ಲಿದೆ, ಮಮತೆ ಇಲ್ಲ. ಮಮತೆಯಿದ್ದವಳು ನಡುರಾತ್ರಿ ಮಗುವನ್ನೆತ್ತಿಕೊಳ್ಳುವುದು ಹೆಚ್ಚಲ್ಲ. ಇವಳು ಅದರ ಆಸರೆಯಿಲ್ಲದೆ ಎತ್ತಿಕೊಂಡಳು. ಕೈ ಕಟ್ಟಿ ಕುಳಿತಿದ್ದವನು ನಾನು. ಆಮೇಲೆ ರಜೆ ಹಾಕಿ ಹೋಗಿ ರಾತ್ರಿ ಮಗುವನ್ನು ನೋಡಿಕೊಂಡೆ. ಅವಳು ನಿದ್ದೆ ಮಾಡಿದಳು. ತಿಂಗಳುಗಳೇ ಹಿಡಿದವು. ಕಳೆದ ವರ್ಷ ಸೋದರಳಿಯನೊಬ್ಬ ಇದೇ ಸಂಕಟ ಹೇಳಿಕೊಂಡಾಗ ಉಪದೇಶಕ್ಕೆ ಹೋಗದೆ, 2022ರಿಂದ ನಡೆಯುತ್ತಿರುವ ಟೆಲಿ ಮಾನಸ್‌ನ 14416 ಸಂಖ್ಯೆ ಕೊಟ್ಟೆ. ರಾತ್ರಿಯ ಪಾಳಿ ನೀನು ವಹಿಸಿಕೋ ಎಂದೆ.

ಇಷ್ಟನ್ನು ಬರೆದು ಹೆಂಡತಿಗೆ ಓದಿ ಹೇಳಿದೆ. "ಎತ್ತಿಕೊಳ್ಳುತ್ತಿದ್ದಳು ಅಂತ ಬರೆದಿದ್ದೀರಿ. ಎರಡು ದಿನ ಅದೂ ನನ್ನ ಕೈಲಾಗಿರಲಿಲ್ಲ. ಅಮ್ಮ ನಿಮಗೆ ಹೇಳಲಿಲ್ಲ ಅಷ್ಟೆ" ಎಂದಳು.